ಬೆಳಗಿನ ಜಾವದ ಕನಸು

ಕೆಟ್ಟ ಕನಸು ಬಿತ್ತು ಎಂದರೆ ಹಾಸನ, ಹೊಳೆನರಸೀಪುರದ ಕಡೆಯ ಅಜ್ಜಿಯರು ಮೊದಲು ಕೇಳುವುದು, “ಎಷ್ಟೊತ್ನಲ್ಲಿ ಬಿತ್ತು ಮಗಾ?” ಎಂದು. ಕೋಳಿ ಕೂಗೋ ಹೊತ್ತಲ್ಲಿ ಎಂದರೆ ಅಜ್ಜಿಯ ಮುಖ ಸಣ್ಣದಾಗುತ್ತದೆ. ಆ ಹೊತ್ತಿನ ಕನಸು ಫಲಿಸದೆ ಬಿಡದು ಎಂಬ ನಂಬಿಕೆ ಅಷ್ಟು ಗಟ್ಟಿ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಕಥೆಯಂತೂ ಶುರುವಾಗುವುದೇ ಕನಸಿನಿಂದ. ಚಂದ್ರಗುಪ್ತ ಮೌರ್ಯ ಹದಿನಾರು ಕನಸು ಕಂಡನಂತೆ. ಅದರಲ್ಲಿ ಬಂದ ಹನ್ನೆರಡು ಹೆಡೆಯ ಹಾವು ಹನ್ನೆರಡು ವರ್ಷದ ಬರ ಎಂದು ಭದ್ರಬಾಹು ಮುನಿಗಳು ಅರ್ಥ ಹೇಳಿದರಂತೆ. ಚಿಕ್ಕಬೆಟ್ಟದ ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರಗಳಲ್ಲಿ ಈ ಗುರುಶಿಷ್ಯರ ಕಥೆಯೇ ಕೆತ್ತನೆಯಾಗಿದೆ. ನೋಡಲು ಎರಡು ಕಣ್ಣು ಸಾಲದು. ಆದರೆ ಕನಸು ಭವಿಷ್ಯ ಹೇಳುತ್ತದೆ ಎನ್ನುವುದಕ್ಕೆ ಅದು ಪುರಾವೆಯಲ್ಲ.

1953ರಲ್ಲಿ ಷಿಕಾಗೊದ ಸಂಶೋಧಕರಾದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ನಿದ್ದೆಯ ಒಂದು ವಿಚಿತ್ರ ಹಂತವನ್ನು ಜಗತ್ತಿಗೆ ತಿಳಿಸಿದರು. ಮುಚ್ಚಿದ ರೆಪ್ಪೆಯಡಿ ಕಣ್ಣುಗುಡ್ಡೆ ಸರಸರ ಓಡಾಡುವ ಹಂತ ಅದು. ಆಗ ಎಬ್ಬಿಸಿದವರಲ್ಲಿ ಹೆಚ್ಚಿನವರು ಕನಸು ಹೇಳಿದರು. ಸುಮಾರು 90 ನಿಮಿಷಕ್ಕೊಂದು ಸುತ್ತಿನಂತೆ ಇದು ಬರುತ್ತದೆ. ಮೊದಲ ಸುತ್ತಿನಲ್ಲಿ ಕೆಲವೇ ನಿಮಿಷ, ಬೆಳಗಿನ ಜಾವದ ಹೊತ್ತಿಗೆ ಅರ್ಧ ಗಂಟೆಯವರೆಗೂ. ಕನಸೂ ಉದ್ದ, ಎಚ್ಚರವೂ ಹತ್ತಿರ, ಹಾಗಾಗಿ ನೆನಪು ಉಳಿಯುತ್ತದೆ. ಆ ಹೊತ್ತಿನ ಕನಸು ಬೇರೆಯೇ ಎಂದು ಅಜ್ಜಿ ಗಮನಿಸಿದ್ದು ಸರಿ, ಎಣಿಸಿದ್ದು ತಪ್ಪು. ಫಲಿಸಿದ ಒಂದನ್ನು ಊರಿಗೆಲ್ಲ ಹೇಳುತ್ತೇವೆ. ಫಲಿಸದವು ಹಲ್ಲುಜ್ಜುವಷ್ಟರಲ್ಲಿ ಮರೆತುಹೋಗಿರುತ್ತವೆ.

“ನಂಗೆ ಕನಸೇ ಬೀಳಲ್ಲ” ಎನ್ನುವವರಿಗೂ ಬೀಳುತ್ತದೆ. ನೆನಪಿರುವುದಿಲ್ಲ, ಅಷ್ಟೇ.

ಎದೆಯ ಮೇಲೆ ಕೂರುವ ದೆವ್ವದ ಸಂಗತಿ ಇನ್ನೂ ಸ್ವಾರಸ್ಯದ್ದು. ಕಣ್ಣು ಬಿಟ್ಟಿದೆ, ಕೂಗಲು ಬಾಯಿ ಬಾರದು, ಕೈಕಾಲು ಆಡದು, ಯಾರೋ ಅದುಮಿದಂತೆ ಉಸಿರು ಭಾರ. ಕನಸಿನಲ್ಲಿ ಓಡಿದರೆ ಹಾಸಿಗೆಯಿಂದ ಎದ್ದೇ ಓಡದಿರಲೆಂದು ಮಿದುಳು ಕಣ್ಣುಗುಡ್ಡೆ ಓಡಾಡುವ ಆ ಹಂತದಲ್ಲಿ ಮೈಯ ಸ್ನಾಯುಗಳನ್ನು ಸಡಿಲಗೊಳಿಸಿರುತ್ತದೆ. ಕಣ್ಣಿಗೂ ಉಸಿರಾಟದ ವಪೆಗೂ ಮಾತ್ರ ವಿನಾಯಿತಿ. ಕೆಲವೊಮ್ಮೆ ಎಚ್ಚರ ಮೊದಲು ಬಂದು ಸ್ನಾಯುಗಳ ಈ ಸಡಿಲಿಕೆ ಆಮೇಲೆ ಹೋಗುತ್ತದೆ. ನಡುವಿನ ಆ ಕೆಲವು ಸೆಕೆಂಡು ಅಥವಾ ನಿಮಿಷಗಳೇ ದೆವ್ವ.

ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಇದು ಹೆಚ್ಚು. ಅರಕಲಗೂಡು ಕಡೆ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ನಿನ ಉರಿ ಕಾಯುತ್ತ ರಾತ್ರಿಯಿಡೀ ಕೂತವರಿಗೆ ಇಂಥ ಅನುಭವವಾದರೆ ಆಶ್ಚರ್ಯವೇನಿಲ್ಲ. ದಿಂಬಿನಡಿ ಕುಡುಗೋಲು ಇಟ್ಟ ಮೇಲೆ ದೆವ್ವ ಬರಲಿಲ್ಲ ಎನ್ನುವವರನ್ನು ಒಂದು ಮಾತು ಕೇಳಬೇಕು: ಸೊಪ್ಪು ಬೇಯಿಸಿ ಮುಗಿದದ್ದು ಯಾವಾಗ?