ಸ್ಥಾಪಕನ ಪರಂಪರೆ ಮತ್ತು ಉತ್ತರಾಧಿಕಾರ: ಕಿರ್ಲೋಸ್ಕರ ಉದ್ಯಮದ ಒಂದು ವಿವೇಚನೆ

ನವಲಗುಂದ, ಅಣ್ಣಿಗೇರಿಗಳ ಸುತ್ತಣ ಎರೆಭೂಮಿಯನ್ನು ಬಲ್ಲವರಿಗೆ ಕರಿಕೆಯ ಕಾಟವನ್ನು ವಿವರಿಸಬೇಕಾದುದಿಲ್ಲ. ಆಳಕ್ಕೆ ಬೇರಿಳಿಸುವ ಈ ಹುಲ್ಲನ್ನು ಕಟ್ಟಿಗೆಯ ನೇಗಿಲು ಕೀಳಲಾರದು. ಮಣ್ಣನ್ನು ಮಗುಚಿಹಾಕುವ ಕಬ್ಬಿಣದ ನೇಗಿಲೇ ಬೇಕು. ಅಂತಹ ನೇಗಿಲನ್ನು ನಮ್ಮ ದೇಶದಲ್ಲಿಯೇ ತಯಾರಿಸಿದವರಲ್ಲಿ ಮೊದಲಿಗರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು ಇದೇ ಸೀಮೆಗೆ ಹತ್ತಿರದ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದರು. ಅವರು ಕಟ್ಟಿದ ಉದ್ಯಮವು ಕೈಯಿಂದ ಕೈಗೆ ಸಾಗಿದಾಗ ಅದರಲ್ಲಿ ಉಳಿದುದೇನು, ಉಳಿಯದೆ ಹೋದುದೇನು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಆರಂಭದ ಕಥೆ ಅನೇಕರಿಗೆ ತಿಳಿದುದೇ. ಮುಂಬಯಿಯಲ್ಲಿ ಉಪಾಧ್ಯಾಯರಾಗಿದ್ದ ಲಕ್ಷ್ಮಣರಾಯರು ಆ ಕೆಲಸವನ್ನು ಬಿಟ್ಟು ಬೆಳಗಾವಿಗೆ ಬಂದು ಅಣ್ಣ ರಾಮಣ್ಣನವರೊಡನೆ ಸೈಕಲ್ ಅಂಗಡಿಯಲ್ಲಿ ತೊಡಗಿದರು. ಬಳಿಕ ಮೇವು ಕತ್ತರಿಸುವ ಯಂತ್ರಕ್ಕೂ ನೇಗಿಲಿಗೂ ಕೈಹಾಕಿದರು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುವುದೆಂದು ರೈತರು ಅಂಜಿದರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಪ್ರಸಿದ್ಧಿ. ಬೆಳಗಾವಿಯ ಜಾಗವನ್ನು ತೆರವು ಮಾಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅಧಿಪತಿಗಳು 32 ಎಕರೆ ಬಂಜರು ನೆಲವನ್ನು ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು.

ನಮ್ಮ ಮುಖ್ಯ ವಿಷಯ ಇದರ ಮುಂದಿನದು. ಉತ್ತರಾಧಿಕಾರದ ಪ್ರಶ್ನೆ ಸಾಮಾನ್ಯವಾಗಿ ಸ್ಥಾಪಕನ ಮರಣಾನಂತರ ಏಳುತ್ತದೆ. ಇಲ್ಲಿ ಹಾಗಾಗಲಿಲ್ಲ. ಹಿರಿಯ ಮಗ ಶಂತನುರಾಯರು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಓದಿ 1926ರಲ್ಲಿ ಹಿಂದಿರುಗಿ ತಂದೆಯ ಕಾರ್ಖಾನೆಯಲ್ಲಿಯೇ ದುಡಿದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪಿತವಾಯಿತು. ಅದನ್ನು ಮುಂದೆ ಇನ್ನೊಬ್ಬ ಮಗ ರಾಜಾರಾಮರು ನಡೆಸಿದರು. 1946ರಲ್ಲಿ ಬೆಂಗಳೂರಿನಲ್ಲಿ ರವಿ ಕಿರ್ಲೋಸ್ಕರರ ವಿದ್ಯುದ್ಯಂತ್ರಗಳ ಕಾರ್ಖಾನೆಯೂ, ಪುಣೆಯಲ್ಲಿ ಶಂತನುರಾಯರ ಎಣ್ಣೆ ಎಂಜಿನುಗಳ ಕಾರ್ಖಾನೆಯೂ ಎದ್ದವು. ಲಕ್ಷ್ಮಣರಾಯರು ತೀರಿಕೊಂಡುದು 1956ರಲ್ಲಿ. ಎಂದರೆ, ಅವರು ಕಣ್ಣಾರೆ ನೋಡುತ್ತಿದ್ದಂತೆಯೇ ಅಧಿಕಾರವು ಮುಂದಿನ ಪೀಳಿಗೆಗೆ ಸಂದಿತ್ತು. ಅದೂ ಒಂದೇ ಗದ್ದುಗೆಯಾಗಿ ಅಲ್ಲ, ಬೇರೆ ಬೇರೆ ಊರುಗಳ ಬೇರೆ ಬೇರೆ ಹೊಣೆಗಳಾಗಿ.

ವಸ್ತುಗಳೂ ಬದಲಾದವು. ನೇಗಿಲಿನ ಜತೆಗೆ ಪಂಪು, ಲೇತು, ಮೋಟಾರು, ಡೀಸೆಲ್ ಎಂಜಿನ್ ಬಂದವು. ನೇಗಿಲನ್ನೇ ಪರಂಪರೆಯೆಂದು ಹಿಡಿದು ಕುಳಿತಿದ್ದರೆ ಟ್ರ್ಯಾಕ್ಟರಿನ ಕಾಲದಲ್ಲಿ ಕಾರ್ಖಾನೆಯ ಗತಿ ಏನಾಗುತ್ತಿದ್ದಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಆದರೆ ರೈತನ ಕೆಲಸವನ್ನು ನೋಡಿ ಯಂತ್ರವನ್ನು ರೂಪಿಸುವ ಪದ್ಧತಿ ನೇಗಿಲಿನಿಂದ ಪಂಪಿಗೆ ದಾಟಿತು. ಗಾಂಧೀಜಿಯವರ ಹತ್ಯೆಯ ತರುವಾಯ 1948ರ ಗಲಭೆಯಲ್ಲಿ ಕಿರ್ಲೋಸ್ಕರವಾಡಿಗೆ ಬೆಂಕಿ ಬಿದ್ದಿತು. ಸುಟ್ಟ ಕಾರ್ಖಾನೆಯನ್ನು ಅಲ್ಲಿಯೇ ಮತ್ತೆ ಎಬ್ಬಿಸಿದರು. ಅಲ್ಲಿ ಇಂದಿಗೂ ಪಂಪುಗಳು ತಯಾರಾಗುತ್ತಿವೆ. ಸ್ಥಾಪಕನ ಆಸ್ತಿಯೆಂದರೆ ಕಟ್ಟಡವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆಂದು ನಮಗೆ ತೋರುವುದಿಲ್ಲ.

ಹಾಗೆಂದು ಈ ವ್ಯವಸ್ಥೆಯನ್ನು ನಿರ್ದೋಷವೆನ್ನಲಾಗದು. ಬೇರೆಬೇರೆಯಾಗಿ ಬೆಳೆದ ಶಾಖೆಗಳು ಏಳುಬೀಳುಗಳನ್ನೂ ಬೇರೆಬೇರೆಯಾಗಿಯೇ ಎದುರಿಸಬೇಕಾಯಿತು. ಲೇತುಗಳಿಗೆ ಹೆಸರಾಗಿದ್ದ ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ಒಂದು ಊರಿನ ಬದುಕೇ ಅದಕ್ಕೆ ಹೆಣೆದುಕೊಂಡಿದ್ದಿತು. ನಮ್ಮ ಉದ್ಯಮಚರಿತ್ರೆಗಳು ಸ್ಥಾಪನೆಯ ದಿನವನ್ನು ಬರೆಯುವಷ್ಟು ಉತ್ಸಾಹದಿಂದ ಇಂತಹ ಅಂತ್ಯವನ್ನು ಬರೆಯುವುದಿಲ್ಲ.

ಇನ್ನು ಹೆಸರಿನ ಪ್ರಶ್ನೆ. ಕಾರ್ಖಾನೆಗಳನ್ನು ಹಂಚಬಹುದು, ಒಂದೇ ಹೆಸರನ್ನು ಹಂಚುವುದು ಹೇಗೆ? ಲಕ್ಷ್ಮಣರಾಯರ ಕಾಲದ ನೇಗಿಲಿನ ಮೇಲೆ ಆ ಹೆಸರು ಬರಿಯ ಗುರುತಾಗಿದ್ದಿತು. ಮೊಮ್ಮಕ್ಕಳು, ಮರಿಮಕ್ಕಳ ಕಾಲಕ್ಕೆ ಅದೇ ಒಂದು ಸ್ವತ್ತಾಯಿತು. 2009ರಲ್ಲಿ ಕುಟುಂಬದವರು ಒಪ್ಪಂದ ಮಾಡಿಕೊಂಡರು. ಅದರ ಅರ್ಥದ ಬಗೆಗೇ ವ್ಯಾಜ್ಯ ಹುಟ್ಟಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2021ರಲ್ಲಿ ನ್ಯಾಯಾಲಯವು ಯಥಾಸ್ಥಿತಿಯನ್ನು ಕಾಪಾಡುವಂತೆ ಆಜ್ಞೆಮಾಡಿ, ಮಧ್ಯಸ್ಥಿಕೆಯಿಂದ ಬಗೆಹರಿಸಿಕೊಳ್ಳಲು ಯತ್ನಿಸಬೇಕೆಂದು ಉಭಯಪಕ್ಷಗಳಿಗೂ ಸೂಚಿಸಿತು.