ಚೀನಾದೇಶದ ಎಪಾಂಗ್ ಅರಮನೆ

ಪ್ರಾಚೀನ ಚೀನದ ಚಕ್ರವರ್ತಿಗಳ ಅರಮನೆಗಳಲ್ಲಿ, ಇಂದು ಕಣ್ಣಿಗೆ ಕಾಣದೆ ಹೆಸರಿನಿಂದಲೇ ಉಳಿದಿರುವಂಥವುಗಳ ಪೈಕಿ, ಎಪಾಂಗ್ ಅರಮನೆಗೆ ಮೊದಲ ಸ್ಥಾನ ಸಲ್ಲುತ್ತದೆ. ಚಿನ್ ವಂಶದ ಪ್ರಥಮ ಚಕ್ರವರ್ತಿಯಾದ ಷಿಹುವಾಂಗನು ಅದನ್ನು ಕಟ್ಟಿಸಿದನೆಂದೂ, ವಂಶವು ಅಳಿದಾಗ ಶತ್ರುವಾದ ಷಿಯಾಂಗ್ ಯುವು ಅದಕ್ಕೆ ಬೆಂಕಿಯಿಡಲು ಮೂರು ತಿಂಗಳು ಎಡೆಬಿಡದೆ ಉರಿಯಿತೆಂದೂ ಅಲ್ಲಿಯ ಜನರಲ್ಲಿ ಬಹುಕಾಲದಿಂದ ಪ್ರತೀತಿಯಿದೆ. ಚಿತ್ರಕಾರರು ಅದರ ಉಪ್ಪರಿಗೆಗಳನ್ನು ಮನಸ್ಸಿನಲ್ಲಿಯೇ ಕಂಡು ಬರೆದರು; ಕವಿಗಳು ಅದರ ವೈಭವವನ್ನು ಹಾಡಿದರು. ಆದರೆ ಮೂಲಗ್ರಂಥವನ್ನೂ ನೆಲದೊಳಗಿನ ಸಾಕ್ಷ್ಯವನ್ನೂ ಒಟ್ಟಿಗಿಟ್ಟು ಪರಿಶೀಲಿಸಿದರೆ, ಸುಡುವುದಕ್ಕೆ ಅಲ್ಲಿ ಅರಮನೆಯೇ ಇರಲಿಲ್ಲವೆಂದು ಹೇಳಬೇಕಾಗುತ್ತದೆ.

ಈ ವಿಷಯಕ್ಕೆ ಮುಖ್ಯವಾದ ಆಧಾರವು ಸಿಮಾ ಚಿಯೆನ್ ಎಂಬ ಇತಿಹಾಸಕಾರನ ‘ಷಿಜಿ’. ಚಿನ್ ವಂಶವು ಅಳಿದು ಸುಮಾರು ನೂರು ವರ್ಷಗಳಾದ ಮೇಲೆ ಆತನು ಇದನ್ನು ಬರೆದನು. ಕ್ರಿ. ಪೂ. ೨೧೨ರಲ್ಲಿ ಷಿಹುವಾಂಗನು, ರಾಜಧಾನಿಯಾದ ಷಿಯೆನ್‌ಯಾಂಗಿನಲ್ಲಿ ಜನಸಂದಣಿ ಹೆಚ್ಚಿತೆಂದೂ ಹಿಂದಿನ ಅರಸರ ಅರಮನೆ ತನಗೆ ಸಾಲದೆಂದೂ ಬಗೆದು, ವೇ ನದಿಯ ದಕ್ಷಿಣಕ್ಕೆ ಷಾಂಗ್‌ಲಿನ್ ಎಂಬ ರಾಜೋದ್ಯಾನದಲ್ಲಿ ಹೊಸ ಆಸ್ಥಾನವನ್ನು ಕಟ್ಟಲು ತೊಡಗಿದನು. ಅದರ ಮುಂಗಡೆಯ ಮಹಾಮಂಟಪವು ಪೂರ್ವಪಶ್ಚಿಮವಾಗಿ ೫೦೦ ಬು, ದಕ್ಷಿಣೋತ್ತರವಾಗಿ ೫೦ ಜಾಂಗ್. ಇಂದಿನ ಲೆಕ್ಕದಲ್ಲಿ ಸುಮಾರು ೬೯೦ ಮೀಟರು ಉದ್ದ, ೧೧೫ ಮೀಟರು ಅಗಲ. ಮೇಲೆ ಹತ್ತು ಸಾವಿರ ಜನರು ಕುಳಿತುಕೊಳ್ಳಬಹುದಾಗಿದ್ದಿತಂತೆ. ಅಲ್ಲಿಂದ ನದಿಯನ್ನು ದಾಟಿ ಷಿಯೆನ್‌ಯಾಂಗಿನವರೆಗೆ ಎತ್ತರದ ಮುಚ್ಚುದಾರಿಯೊಂದನ್ನು ಯೋಜಿಸಲಾಗಿತ್ತು. ಆಕಾಶದಲ್ಲಿ ನಕ್ಷತ್ರಪಥವೊಂದು ಕ್ಷೀರಪಥವನ್ನು ದಾಟಿ ದಿವ್ಯಮಂದಿರವನ್ನು ಸೇರುವ ಪರಿಯನ್ನು ಅದು ಭೂಮಿಯ ಮೇಲೆ ಅನುಕರಿಸಬೇಕಾಗಿದ್ದಿತು. ನದಿಯೇ ಇಲ್ಲಿ ಆಕಾಶಗಂಗೆ. ಚಕ್ರವರ್ತಿಯ ನಿವಾಸವೇ ಧ್ರುವಮಂಡಲ.

ಇದಕ್ಕಾಗಿ ಕಲ್ಲು ಉತ್ತರದ ಬೆಟ್ಟಗಳಿಂದಲೂ ಮರವು ದೂರದ ಷು ಮತ್ತು ಚು ಸೀಮೆಗಳಿಂದಲೂ ಬಂದವು. ಶಿಕ್ಷೆಗೊಳಗಾದ ಏಳು ಲಕ್ಷಕ್ಕೂ ಮಿಕ್ಕ ಜನರನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಈ ಅರಮನೆಗೂ ಮತ್ತೊಂದು ಪಾಲನ್ನು ಲಿ ಬೆಟ್ಟದಲ್ಲಿ ಚಕ್ರವರ್ತಿಯ ಸಮಾಧಿಗೂ ಹಚ್ಚಲಾಯಿತು. ಸಂಖ್ಯೆಯಲ್ಲಿ ಇತಿಹಾಸಕಾರನ ಉತ್ಪ್ರೇಕ್ಷೆ ಇರಬಹುದು. ಆದರೂ ಅದನ್ನು ಪೂರ್ತಿಯಾಗಿ ತಳ್ಳಿಹಾಕಲು ಕಾರಣವಿಲ್ಲ. ಸಮಾಧಿಯ ಸುತ್ತ ಸಿಕ್ಕಿರುವ ಸಾವಿರಾರು ಮೃಣ್ಮಯ ಸೈನಿಕರ ವಿಗ್ರಹಗಳೇ ಆ ದುಡಿಮೆಯ ಪ್ರಮಾಣವನ್ನು ಸಾರುತ್ತವೆ.

ಕ್ರಿ. ಪೂ. ೨೧೦ರಲ್ಲಿ ಷಿಹುವಾಂಗನು ಯಾತ್ರೆಯಲ್ಲಿರುವಾಗಲೇ ತೀರಿಕೊಂಡನು. ಅರಮನೆಯ ಕೆಲಸ ನಿಂತು, ಆಳುಗಳೆಲ್ಲ ಸಮಾಧಿಯ ಮೇಲೆ ಮಣ್ಣು ಹೊರುವುದಕ್ಕೆ ಹೋದರು. ಮರುವರ್ಷ ಅವನ ಮಗನಾದ ಎರಡನೆಯ ಚಕ್ರವರ್ತಿಯು ಕೆಲಸವನ್ನು ಪುನಃ ಆರಂಭಿಸಿದನು. ಅದಕ್ಕೆ ಅವನು ಕೊಟ್ಟ ಕಾರಣವು ಗಮನಾರ್ಹವಾದುದು: ಅರಮನೆಯನ್ನು ಅರ್ಧಕ್ಕೆ ಬಿಟ್ಟರೆ ತಂದೆ ಕೈಕೊಂಡ ಕಾರ್ಯವೇ ತಪ್ಪೆಂದು ಸಾರಿದಂತಾಗುವುದಂತೆ. ರಾಜಧಾನಿಯಲ್ಲಿ ಸೇರಿದ ಸೈನಿಕರಿಗೂ ನಾಯಿಕುದುರೆಗಳಿಗೂ ದವಸ ಸಾಲದೆ ಹೋಗಲು, ಹೊರಸೀಮೆಗಳಿಂದ ಧಾನ್ಯ ಹೊತ್ತು ತರಬೇಕೆಂದು ಆಜ್ಞೆಯಾಯಿತು. ಹೊತ್ತು ತಂದವರು ತಮ್ಮ ಬುತ್ತಿಯನ್ನು ತಾವೇ ತರಬೇಕು. ರಾಜಧಾನಿಯ ಸುತ್ತ ೩೦೦ ಲಿ ದೂರದೊಳಗಿನ ಧಾನ್ಯವನ್ನು ಅವರು ತಿನ್ನಕೂಡದು. ಆ ವರ್ಷವೇ ದಂಗೆಯೆದ್ದಿತು. ಕ್ರಿ. ಪೂ. ೨೦೮ರಲ್ಲಿ ಮೂವರು ಹಿರಿಯ ಮಂತ್ರಿಗಳು ಎಪಾಂಗಿನ ಕೆಲಸವನ್ನು ನಿಲ್ಲಿಸಬೇಕೆಂದು ಬೇಡಿಕೊಂಡರು. ಅವರನ್ನು ಸೆರೆಗೆ ನೂಕಲಾಯಿತು. ಇಬ್ಬರು ಆತ್ಮಹತ್ಯೆ ಮಾಡಿಕೊಂಡರು, ಮೂರನೆಯವನಾದ ಲಿ ಸ್ಸು ಮರಣದಂಡನೆಗೆ ಗುರಿಯಾದನು. ನಿಲ್ಲಿಸಿರೆಂದು ಬೇಡಿಕೊಂಡರೆಂದರೆ, ಆಗಲೂ ಕೆಲಸ ಮುಗಿದಿರಲಿಲ್ಲವೆಂಬುದು ಸ್ಪಷ್ಟ.

ಸಿಮಾ ಚಿಯೆನ್ನನೂ ಇದನ್ನು ಮುಚ್ಚಿಡುವುದಿಲ್ಲ. ಅರಮನೆ ಪೂರ್ಣವಾಗಲಿಲ್ಲ, ಪೂರ್ಣವಾದ ಮೇಲೆ ಒಳ್ಳೆಯ ಹೆಸರನ್ನಿಡಬೇಕೆಂದಿದ್ದರು, ಎಪಾಂಗ್ ಎಂಬ ಸ್ಥಳದಲ್ಲಿ ಕಟ್ಟುತ್ತಿದ್ದುದರಿಂದ ಲೋಕವು ಅದನ್ನು ಆ ಹೆಸರಿನಿಂದಲೇ ಕರೆಯಿತು ಎಂದು ಅವನು ಹೇಳುತ್ತಾನೆ. ಕ್ರಿ. ಪೂ. ೨೦೬ರ ದಹನವನ್ನು ವರ್ಣಿಸುವಾಗಲೂ ಷಿಯಾಂಗ್ ಯು ಚಿನ್ ಅರಮನೆಗಳನ್ನು ಸುಟ್ಟನೆಂದು ಹೇಳುವನೇ ಹೊರತು ಎಪಾಂಗಿನ ಹೆಸರನ್ನು ಎತ್ತುವುದಿಲ್ಲ. ಹೀಗಿರಲು ಎಪಾಂಗನ್ನು ಜನಮನದಲ್ಲಿ ಹೊತ್ತಿಸಿದವನು ಮುಖ್ಯವಾಗಿ ಕವಿಯೆನ್ನಬೇಕು. ತಾಂಗ್ ವಂಶದ ಕಾಲದಲ್ಲಿ, ಕ್ರಿ. ಶ. ೮೨೫ರಲ್ಲಿ, ದು ಮು ಎಂಬ ತರುಣ ಕವಿಯು ಈ ಅರಮನೆಯ ಮೇಲೆ ಒಂದು ದೀರ್ಘಕೃತಿಯನ್ನು ರಚಿಸಿದನು. ಅದರಲ್ಲಿ ಅರಮನೆಯು ೩೦೦ ಲಿ ವಿಸ್ತಾರಕ್ಕೆ ಹಬ್ಬಿ, ಕೊನೆಗೆ ಬೂದಿಯಾಗುತ್ತದೆ. ಅವನ ಗುರಿ ಸಾವಿರ ವರ್ಷಗಳ ಹಿಂದಿನ ಷಿಹುವಾಂಗನಲ್ಲ. ಕಟ್ಟಡಗಳ ಹುಚ್ಚು ಹಿಡಿದಿದ್ದ ತನ್ನ ಕಾಲದ ಚಕ್ರವರ್ತಿ. ಉದ್ದೇಶ ಒಳ್ಳೆಯದೇ, ಇತಿಹಾಸವೆಂದು ಅದನ್ನು ಓದಿದವರದೇ ತಪ್ಪು.

ಇಂದಿನ ಷಿಯಾನ್ ನಗರದ ಪಶ್ಚಿಮಕ್ಕಿರುವ ಆ ನಿವೇಶನದಲ್ಲಿ ೨೦೦೨ರಿಂದ ೨೦೦೭ರವರೆಗೆ ಚೀನದ ಪುರಾತತ್ತ್ವಜ್ಞರು ಶೋಧನೆ ನಡೆಸಿದರು. ಅಲ್ಲಿ ಕಂಡುದು ಮಣ್ಣನ್ನು ಪದರಪದರವಾಗಿ ಕುಟ್ಟಿ ಎತ್ತಿದ ಜಗತಿ: ಪೂರ್ವಪಶ್ಚಿಮವಾಗಿ ೧೨೭೦ ಮೀಟರು, ದಕ್ಷಿಣೋತ್ತರವಾಗಿ ೪೨೬ ಮೀಟರು, ಉಳಿದಿರುವ ಎತ್ತರ ಸುಮಾರು ೧೨ ಮೀಟರು. ಅದರ ಮೇಲೆ ಮೂರು ಕಡೆ ಗೋಡೆಯಿದ್ದು ದಕ್ಷಿಣದ ಗೋಡೆಯೇ ಇರಲಿಲ್ಲ. ಚಿನ್ ಅರಮನೆಗಳ ಸೂರಿನಂಚಿಗೆ ಇಡುತ್ತಿದ್ದ ದುಂಡುಬಿಲ್ಲೆಯ ಹಂಚುಗಳೂ ದೊರೆಯಲಿಲ್ಲ. ಮಹಾಗ್ನಿಯ ಕುರುಹೂ ಇಲ್ಲ. ನದಿಯ ಉತ್ತರಕ್ಕೆ ಷಿಯೆನ್‌ಯಾಂಗಿನಲ್ಲಿ ೧೯೭೦ರ ದಶಕದಲ್ಲಿ ಅಗೆದ ಅರಮನೆಯಲ್ಲಿ ಮಾತ್ರ ಮಣ್ಣು ಸುಟ್ಟು ಕೆಂಪಾಗಿದೆ. ಬೆಂಕಿ ಬಿದ್ದುದು ನಿಜ. ಬಿದ್ದ ಸ್ಥಳ ಬೇರೆ.

ಜಗತಿಯ ಸುತ್ತಣ ಉದ್ಯಾನದ ಮುಂದಿನ ಕಥೆಯೂ ತಿಳಿಯತಕ್ಕದ್ದೇ. ಹಾನ್ ವಂಶದ ಸ್ಥಾಪಕನು ಕ್ರಿ. ಪೂ. ೨೦೫ರಲ್ಲಿ ಚಿನ್ ಅರಸರ ಉದ್ಯಾನಗಳನ್ನು ಜನರು ಉಳುವುದಕ್ಕೆ ಬಿಟ್ಟುಕೊಟ್ಟನು. ಆದರೂ ಹತ್ತು ವರ್ಷಗಳೊಳಗೆ, ಷಾಂಗ್‌ಲಿನ್ನಿನ ಪಾಳುಭೂಮಿಯನ್ನು ರೈತರಿಗೆ ಕೊಡಿರೆಂದು ಕೇಳಿದ ಮಂತ್ರಿ ಷಿಯಾವ್ ಹೆ ಅದೇ ಅರಸನಿಂದ ಕೆಲಕಾಲ ಸಂಕೋಲೆ ತೊಡಬೇಕಾಯಿತು. ಕ್ರಿ. ಪೂ. ೧೩೮ರಲ್ಲಿ ವುದಿ ಚಕ್ರವರ್ತಿಯು ಆ ಪ್ರದೇಶದ ಫಲವತ್ತಾದ ಹೊಲಗಳನ್ನು ಮರಳಿ ಬೇಟೆಯ ವನಕ್ಕೆ ಸೇರಿಸಲು ಹೊರಟಾಗ, ಆಸ್ಥಾನಿಕನಾದ ದೋಂಗ್‌ಫಾಂಗ್ ಷುವೋ ಎದುರು ನಿಂತು, ಎಪಾಂಗ್ ಕಟ್ಟಿದ್ದರಿಂದಲೇ ಲೋಕವು ಕದಡಿತೆಂಬುದನ್ನು ನೆನಪಿಸಿದನು. ವುದಿಯು ಅವನ ಮಾತಿಗೆ ಮೆಚ್ಚಿ ಪದವಿಯನ್ನೂ ನೂರು ಜಿನ್ ಚಿನ್ನವನ್ನೂ ಕೊಟ್ಟು, ಉದ್ಯಾನವನ್ನೂ ಮಾಡಿಸಿದನು.