ರೋಮನ್ ‘ಕಂಚಿನ’ ನಾಣ್ಯದಲ್ಲಿ ಕಂಚು ಇದೆಯೇ?

ಕಳ್ಳಂಬೆಳ್ಳ, ಶಿರಾ, ಹಿರಿಯೂರು ದಾಟಿ ಹೆದ್ದಾರಿಯಲ್ಲೇ ಮುಂದುವರಿದರೆ ಚಿತ್ರದುರ್ಗ. ಅಲ್ಲಿನ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ರೋಮನ್ ಸಾಮ್ರಾಟ ಟೈಬೀರಿಯಸ್‌ನ (ಆಳ್ವಿಕೆ ಕ್ರಿ.ಶ. 14-37) ಬೆಳ್ಳಿ ನಾಣ್ಯ ದೊರೆಯಿತು.

ದೂರದ ವ್ಯಾಪಾರಕ್ಕೆ ಬೆಳ್ಳಿ, ಬಂಗಾರ. ರೋಮಿನ ಸಂತೆಯ ಚಿಲ್ಲರೆಗೆ ಅಗ್ಗದ ಲೋಹ. ಟೈಬೀರಿಯಸ್ ಹೊರಡಿಸಿದ ಕೆಲವು ಚಿಲ್ಲರೆ ನಾಣ್ಯಗಳ ಮೇಲೆ ಅವನ ಮುಖವಿಲ್ಲ. ತೀರಿಕೊಂಡಿದ್ದ ದತ್ತುತಂದೆ ಆಗಸ್ಟಸ್‌ನ ಮುಖವಿದೆ. ಮುಂದೆ ಕ್ಯಾಲಿಗುಲ ತನ್ನ ತಂದೆ ಜರ್ಮಾನಿಕಸ್‌ನನ್ನೂ, ಕ್ಲಾಡಿಯಸ್ ತನ್ನ ತಾಯಿ ಆಂಟೋನಿಯಳನ್ನೂ ಹೀಗೆಯೇ ಸ್ಮರಿಸಿದರು. ಹಿರಿಯರ ಹೆಸರು ಪಟ್ಟದ ಹಕ್ಕಿಗೆ ಬಲ ಕೊಡುತ್ತಿತ್ತು.

ಇವನ್ನೆಲ್ಲ ‘ಕಂಚಿನ ನಾಣ್ಯ’ ಎನ್ನುವುದು ರೂಢಿ. ಕಂಚೆಂದರೆ ತಾಮ್ರ ಮತ್ತು ತವರದ ಮಿಶ್ರಲೋಹ. ಆದರೆ ಆಗಸ್ಟಸ್, ಜರ್ಮಾನಿಕಸರ ಈ ನಾಣ್ಯಗಳು ಬಹುಮಟ್ಟಿಗೆ ಶುದ್ಧ ತಾಮ್ರ. ಆಂಟೋನಿಯಳದು ತಾಮ್ರ-ಸತುವಿನ ಹಿತ್ತಾಳೆ.

ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ತಾಮ್ರ ಕರಗಲು 1085 ಡಿಗ್ರಿ ಬೇಕು. ಹಾಗಾದರೆ ಇವೆರಡೂ ಬೆರೆತದ್ದು ಹೇಗೆ? ರೋಮನ್ನರು ತಾಮ್ರದ ಚೂರು, ಸತುವಿನ ಅದಿರು, ಇದ್ದಿಲುಗಳನ್ನು ಮುಚ್ಚಿದ ಮೂಸೆಯಲ್ಲಿ ಕಾಯಿಸಿದರು. ಸತುವಿನ ಆವಿ ಹೊರಹೋಗಲಾರದೆ, ಇನ್ನೂ ಘನವಾಗಿದ್ದ ತಾಮ್ರದೊಳಗೇ ಸೇರಿತು. ಹಳೆಯ ಹಿತ್ತಾಳೆಯನ್ನು ಮತ್ತೆ ಕರಗಿಸಿದಾಗಲೆಲ್ಲ ಸತು ಸ್ವಲ್ಪ ಆವಿಯಾಗಿ ಹೋಗುತ್ತದೆ. ಆಗಸ್ಟಸ್‌ನ ನಂತರದ ನಾಣ್ಯಗಳಲ್ಲಿ ಸತುವಿನ ಪಾಲು ಕ್ರಮೇಣ ಇಳಿದುದಕ್ಕೆ ಇದೂ ಒಂದು ಕಾರಣ.

ನಾಣ್ಯವನ್ನು ಕೆಡಿಸದೆ ಲೋಹವನ್ನು ಗುರುತಿಸುವುದು ಹೇಗೆ? ಕ್ಷ-ಕಿರಣ ಹಾಯಿಸಿದಾಗ ಪ್ರತಿ ಧಾತುವೂ ತನ್ನದೇ ಶಕ್ತಿಯ ಕ್ಷ-ಕಿರಣವನ್ನು ಹೊಮ್ಮಿಸುತ್ತದೆ: ತಾಮ್ರ 8.05, ಸತು 8.64, ತವರ 25.3 ಕಿಲೊ ಎಲೆಕ್ಟ್ರಾನ್ ವೋಲ್ಟ್. ಇದೇ ಕ್ಷ-ಕಿರಣ ಪ್ರತಿದೀಪ್ತಿ. ಆದರೆ ಇಲ್ಲೊಂದು ತೊಡಕಿದೆ. ತಾಮ್ರ, ಸತುಗಳ ಈ ಕಿರಣಗಳು ಲೋಹದ ತೀರ ತೆಳುವಾದ ಮೇಲ್ಪದರದಿಂದ ಮಾತ್ರ ಹೊರಬರಬಲ್ಲವು. ಮಣ್ಣಿನಲ್ಲಿ ಶತಮಾನಗಳ ಕಾಲ ಹೂತಿದ್ದ ಹಿತ್ತಾಳೆಯ ಮೇಲ್ಪದರದಿಂದ ಸತು ಕಳೆದುಹೋಗಿರುತ್ತದೆ. ಆದ್ದರಿಂದ ಉಪಕರಣ ತೋರಿಸುವ ಅಂಕಿ ಹೊರಮೈಯದು, ಇಡೀ ನಾಣ್ಯದ್ದಲ್ಲ.

ಹೊಲ ಉಳುವಾಗ ಸಿಕ್ಕ ಹಳೆಯ ನಾಣ್ಯವನ್ನು ವಿದ್ಯಾರ್ಥಿಗಳು ಶಾಲೆಗೆ ತರುವುದುಂಟು. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅದು ಫಳಫಳ ಹೊಳೆದೀತು. ಆದರೆ ಹುಳಿಯಲ್ಲಿರುವ ಆಮ್ಲ ಕಿಲುಬನ್ನು ಕರಗಿಸುವಾಗ, ಆ ಕಿಲುಬಿನಲ್ಲೇ ಉಳಿದಿದ್ದ ಅಕ್ಷರದ ಅಂಚುಗಳೂ ಅಳಿಸಿಹೋಗುತ್ತವೆ. ಶಿಕ್ಷಕರು ನಾಣ್ಯವನ್ನು ತೊಳೆಯಲು ಬಿಡದೆ, ಸಿಕ್ಕಿದ ಜಾಗವನ್ನು ಬರೆದಿಟ್ಟುಕೊಂಡು ಪುರಾತತ್ವ ಇಲಾಖೆಗೆ ತಿಳಿಸಲಿ. ಕಿಲುಬು ಕೊಳೆಯಲ್ಲ, ದಾಖಲೆ.